ಪೇಟೆಯ ಲೂಪಿನ್ ಬೀಜ ಹಾಕಿ ಏಮಾರಿದೆನಾ? ಅಸಲಿ ಕಾಡು ಲೂಪಿನ್ ಬೆಳೆಸುವುದು ಹೇಗೆ?

ಗಿಲ್ಡರ್‌ಲ್ಯಾಂಡ್_ಗೌರಿ
ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಯಾರ್ಕ್ ರಾಜ್ಯದ ಆಲ್ಬನಿ ಪಕ್ಕ. ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ ಹೋದರೆ ಪೈನ್ ಬುಷ್ ಕಾಡು. ಮೂರು ವರ್ಷದ ಹಿಂದೆ ಅಂಗಡಿಯಲ್ಲಿ 'ಲೂಪಿನ್, ಕಾಡು ಹೂ, ಚಿಟ್ಟೆಗಳಿಗೆ ಇಷ್ಟ' ಅಂತ ಬರೆದಿದ್ದ ಪೊಟ್ಟಣ ತಂದು ಹಿತ್ತಲಲ್ಲಿ ಚೆಲ್ಲಿದ್ದೆ. ಈ ವರ್ಷ ಹೂ ಬಂದಿದೆ ನೋಡಿ! ಗುಲಾಬಿ, ಬಿಳಿ, ನೇರಳೆ. ಒಂದೊಂದು ತೆನೆ ನನ್ನ ಸೊಂಟಕ್ಕೆ ಬರುತ್ತದೆ.

ಹೋದ ಶನಿವಾರ ಪೈನ್ ಬುಷ್‌ನಲ್ಲಿ ನಡೆಯಲು ಹೋದಾಗ ಅಲ್ಲಿಯ ಲೂಪಿನ್ ನೋಡಿದೆ. ಮೊಣಕಾಲಿನಷ್ಟೂ ಎತ್ತರ ಇಲ್ಲ. ಬಣ್ಣ ಒಂದೇ, ನೀಲಿ-ನೇರಳೆ. ಬರೀ ಮರಳಿನಲ್ಲಿ ನಿಂತಿದೆ. ನನ್ನದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ ಅನ್ನಿಸಿತು. ಪಕ್ಕದ ಮನೆಯ ಅಜ್ಜಿಗೆ ಹೇಳಿದರೆ, "ನಿನ್ನದು ಈ ಊರಿನದಲ್ಲ ಮಗಳೇ, ಕಿತ್ತು ಹಾಕು" ಎಂದರು. ಮೂರು ವರ್ಷ ಕಾದಿದ್ದೇನೆ, ಕೀಳಲು ಕೈ ಬರುತ್ತಿಲ್ಲ. ಅಜ್ಜಿ ಹೇಳಿದ್ದು ನಿಜವಾ? ಅಸಲಿಯನ್ನೇ ಬೆಳೆಸಬೇಕು ಅಂದರೆ ಏನು ಮಾಡಬೇಕು?

ಎಡಿಸನ್_ಎಳನೀರು
ಹೂ ಬಂತಲ್ಲ, ಖುಷಿ ಪಡಿ. ಅಜ್ಜಿಯಂದಿರ ಮಾತಿಗೆ ಗಿಡ ಕಿತ್ತರೆ ಯಾರ ಹಿತ್ತಲಲ್ಲೂ ಏನೂ ಉಳಿಯುವುದಿಲ್ಲ.

ಬೇರುಬಿಳಲು
ಅಜ್ಜಿ ಹೇಳಿದ್ದು ಸರಿ ಇದೆ ಅಕ್ಕ.

ಪೈನ್ ಬುಷ್‌ನಲ್ಲಿ ನೀವು ನೋಡಿದ್ದು ಲೂಪಿನಸ್ ಪೆರೆನ್ನಿಸ್. ಅಮೆರಿಕದ ಪೂರ್ವ ಭಾಗದ್ದು. ನಿಮ್ಮ ಪೊಟ್ಟಣದಲ್ಲಿ ಇದ್ದದ್ದು ಬಹುಶಃ ಲೂಪಿನಸ್ ಪಾಲಿಫಿಲ್ಲಸ್, ಇಲ್ಲವೇ ಅದರಿಂದ ಮಾಡಿದ ತೋಟದ ತಳಿ. ಅದರ ತವರು ಪಶ್ಚಿಮ ಕರಾವಳಿಯ ಕಡೆ. ಬಣ್ಣ ಬಣ್ಣದ್ದು ಬಂದಿದೆ, ಸೊಂಟದೆತ್ತರ ಇದೆ ಅಂದಮೇಲೆ ನನಗಂತೂ ಅನುಮಾನ ಇಲ್ಲ. ಎಲೆ ಎಣಿಸಿ ನೋಡಿ. ಬೂರುಗದ ಎಲೆ ತರ ಒಂದೇ ಕಡೆಯಿಂದ ಬೆರಳು ಚಾಚಿದ ಹಾಗೆ ಇರುತ್ತದಲ್ಲ? ಕಾಡಿನದಕ್ಕೆ ಸಾಮಾನ್ಯವಾಗಿ 7ರಿಂದ 11 ಬೆರಳು. ತೋಟದ್ದಕ್ಕೆ 9ರಿಂದ 17.

ಗಿಲ್ಡರ್‌ಲ್ಯಾಂಡ್_ಗೌರಿ
ಈಗಷ್ಟೇ ಹೋಗಿ ಎಣಿಸಿ ಬಂದೆ. 13, 14, 15, ಒಂದರಲ್ಲಿ 10.

ಬೇರುಬಿಳಲು
ಹಾಗಾದರೆ ಮುಗಿಯಿತು. 10 ಇರುವ ಒಂದು ಎಲೆ ನೋಡಿ ಆಸೆ ಪಡಬೇಡಿ, ಅದೇ ಗಿಡದ ಬೇರೆ ಎಲೆ ಎಣಿಸಿ.

ಗಿಲ್ಡರ್‌ಲ್ಯಾಂಡ್_ಗೌರಿ
ಅದೇ ಗಿಡದಲ್ಲಿ 14 ಇದೆ 😔

ಎಡಿಸನ್_ಎಳನೀರು
ಒಂದು ಪ್ರಶ್ನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಾವೇ ಹಾಸನ, ಹುಬ್ಬಳ್ಳಿ ಬಿಟ್ಟು ಇಲ್ಲಿಗೆ ಬಂದು ಕೂತಿದ್ದೇವೆ. ಹೂವಿಗೆ ಮಾತ್ರ ಯಾಕೆ ವೀಸಾ ಕೇಳುತ್ತೀರಿ?

ಕಾಂಕರ್ಡ್_ಕನ್ನಡಿಗ
ನಗು ಬಂತು ಗುರು. ಆದರೆ ಇಲ್ಲಿ ಹೂವಿಗಿಂತ ಹುಳದ ಹೊಟ್ಟೆ ಮುಖ್ಯ. ಕಾರ್ನರ್ ಬ್ಲೂ ಅಂತ ಒಂದು ಚಿಟ್ಟೆ ಇದೆ. ರೆಕ್ಕೆ ಬಿಚ್ಚಿದರೆ ಒಂದು ಇಂಚು, ಅಷ್ಟೇ. ಅದರ ಮರಿಹುಳು ಕಾಡು ಲೂಪಿನ್ ಎಲೆ ಬಿಟ್ಟು ಬೇರೆ ಯಾವುದನ್ನೂ ತಿಂದು ಬೆಳೆಯುವುದಿಲ್ಲ. ಲೂಪಿನ್ ಹೋದ ಕಡೆಯೆಲ್ಲ ಅದೂ ಹೋಯಿತು. 1992ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ನಮ್ಮ ನ್ಯೂ ಹ್ಯಾಂಪ್‌ಶೈರ್‌ಗೆ ಅದೇ ರಾಜ್ಯದ ಚಿಟ್ಟೆ. ತಮಾಷೆ ಏನು ಗೊತ್ತಾ, ರಾಜ್ಯದ ಚಿಟ್ಟೆ ಅಂತ ಹೆಸರಿಟ್ಟ ಮೇಲೆ ಇಲ್ಲಿ ಅದು ಪೂರ್ತಿ ಅಳಿದೇ ಹೋಯಿತು. ಆಮೇಲೆ ಆಲ್ಬನಿ ಕಡೆಯಿಂದ ತಂದು ಮತ್ತೆ ಬಿಟ್ಟರು. ಈಗ ಹಾರಾಡುತ್ತಿರುವವು ಗೌರಿ ಅಕ್ಕನ ಊರಿನವು!

ಪೊಟ್ಟಣದ ಲೂಪಿನ್ ಹತ್ತಿರದಲ್ಲಿದ್ದರೆ ಎರಡೂ ಬೆರಕೆ ಆಗುತ್ತವೆ. ಅಸಲಿ ಮೊದಲೇ ಕಡಿಮೆ. ಬೆರಕೆ ಆದರೆ ಅದೂ ಕೈಬಿಟ್ಟಿತು. ಕಿತ್ತು ಹಾಕು ಎನ್ನುವುದು ಅದಕ್ಕೆ, ಜಾತಿ ಕೇಳುತ್ತಿರುವುದಲ್ಲ.

ಎಡಿಸನ್_ಎಳನೀರು
ಸರಿ ಸರಿ, ವೀಸಾ ಮಾತು ವಾಪಸ್.

ಪುಟ್ಟೀರಮ್ಮನ_ಮೊಮ್ಮಗ
ಕಾಡಿನಲ್ಲೇ ಅಷ್ಟು ಇದೆಯಲ್ಲ, ಒಂದು ಗಿಡ ಬುಡಸಮೇತ ಎತ್ತಿಕೊಂಡು ಬಂದರೆ ಆಯ್ತಪ್ಪ. ಯಾರು ನೋಡುತ್ತಾರೆ?

ಬೇರುಬಿಳಲು
ದಯವಿಟ್ಟು ಬೇಡ. ಮೊದಲನೆಯದು, ಅದು ಸಂರಕ್ಷಿತ ಕಾಡು, ಕಾನೂನು ಬಾಹಿರ. ಎರಡನೆಯದು, ತಂದರೂ ಬದುಕುವುದಿಲ್ಲ. ತಾಯಿಬೇರು ಮರಳಿನಲ್ಲಿ ಆಳಕ್ಕೆ ಇಳಿದಿರುತ್ತದೆ. ನೀವು ಒಂದು ಅಡಿ ಅಗೆದು ಎತ್ತುತ್ತೀರಿ, ಬೇರು ಅಲ್ಲೇ ಕಡಿದು ಉಳಿಯುತ್ತದೆ. ಅಲ್ಲಿದ್ದ ಒಂದು ಗಿಡವೂ ಹೋಯಿತು, ಇಲ್ಲಿ ಬಂದದ್ದೂ ಹೋಯಿತು.

ಆಲ್ಬನಿ_ಅಕ್ಕಿರೊಟ್ಟಿ
ಆ ಕಾಡಿಗೆ ಬೆಂಕಿ ಹಚ್ಚುವವರು ಒಂದು ಗಿಡ ಕಿತ್ತರೆ ಬೈಯುತ್ತಾರಾ? ಹೋದ ವರ್ಷ ಡೆಕ್ ಮೇಲೆ ಅಕ್ಕಿ ಸಂಡಿಗೆ ಒಣಗಿಸಲು ಇಟ್ಟಿದ್ದೆ. ಮಧ್ಯಾಹ್ನ ಆಕಾಶ ಎಲ್ಲ ಹೊಗೆ. ಮನೆ ಸುಟ್ಟಿತು ಅಂತ ಓಡಿ ಬಂದರೆ, ಅವರೇ ಬೇಕು ಅಂತ ಸುಡುತ್ತಿದ್ದರಂತೆ. ಅವತ್ತಿನಿಂದ ಇವತ್ತಿನವರೆಗೂ ಆ ಸಂಡಿಗೆ ಕರಿದರೆ ಬೀಡಿ ವಾಸನೆ.

ಕಾಂಕರ್ಡ್_ಕನ್ನಡಿಗ
ಬೀಡಿ ಸಂಡಿಗೆ 😂😂 ಮಾರಾಟಕ್ಕಿಡಿ.

ಗಾಳಿಮರ_ಹೊನ್ನಾವರ
ಅಕ್ಕಿರೊಟ್ಟಿ ಅಕ್ಕ, ಆ ಬೆಂಕಿ ಇಲ್ಲದಿದ್ದರೆ ಆ ಹೂವೇ ಇರುತ್ತಿರಲಿಲ್ಲ. ನಾನು ಎರಡು ವರ್ಷ ಅಲ್ಲೇ ಇದ್ದೆ, ವಾರಕ್ಕೊಮ್ಮೆ ಕಾಡಿಗೆ ಹೋಗಿ ಬೀಜ ಬಿಡಿಸುವುದು, ಕಳೆ ಕೀಳುವುದು ಮಾಡುತ್ತಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲ ಸಲ ಹೋದಾಗ ನನಗೆ ನಮ್ಮ ಹೊನ್ನಾವರ ಕಡೆಯ ಗಾಳಿ ಮರದ ತೋಪೇ ನೆನಪಾಯಿತು. ಕಾಲ ಕೆಳಗೆ ಮರಳು, ಮೇಲೆ ಸೂಜಿ ಎಲೆ, ಗಾಳಿ ಬಂದರೆ ಸುಯ್ ಅಂತ ಸದ್ದು. ಸಮುದ್ರ ಎಲ್ಲಿ ಅಂತ ತಿರುಗಿ ನೋಡಿದೆ! ಸಮುದ್ರ ಇಲ್ಲ. ಹಿಮಯುಗ ಮುಗಿಯುವಾಗ ಅಲ್ಲಿ ಕರಗಿದ ನೀರಿನ ದೊಡ್ಡ ಸರೋವರ ಇತ್ತು. ಅದು ಬತ್ತಿದ ಮೇಲೆ ತಳದ ಮರಳನ್ನು ಗಾಳಿ ಎತ್ತಿ ದಿಬ್ಬ ಮಾಡಿತು. ತಲಕಾಡು ನೋಡಿದವರಿಗೆ ಮರಳಿನ ದಿಬ್ಬ ಏನು ಅಂತ ಹೇಳಬೇಕಾಗಿಲ್ಲ.

ಆ ಮರಳಿನಲ್ಲಿ ಸಾರ ಇಲ್ಲ, ನೀರೂ ನಿಲ್ಲುವುದಿಲ್ಲ. ಅಲ್ಲಿಯ ಮರ ಪಿಚ್ ಪೈನ್. ತೊಗಟೆ ದಪ್ಪ. ಬೆಂಕಿ ಬಂದು ಸೂಜಿ ಎಲೆ ಎಲ್ಲ ಸುಟ್ಟರೂ ಕಾಂಡದಿಂದಲೇ ಹಸಿರು ಚಿಗುರು ಕೂದಲ ಹಾಗೆ ಹೊರಗೆ ಬರುತ್ತದೆ. ಬೆಂಕಿ ಇಲ್ಲದಿದ್ದರೆ ಏನಾಗುತ್ತದೆ? ಕುರುಚಲು ಓಕ್ ಮೇಲೆದ್ದು ನೆರಳು ಮಾಡುತ್ತದೆ, ಒಣ ಎಲೆ ಮರಳಿನ ಮೇಲೆ ಕಂಬಳಿ ಹೊದಿಸಿದ ಹಾಗೆ ಬೀಳುತ್ತದೆ. ಲೂಪಿನ್‌ಗೆ ಬಿಸಿಲು ಬೇಕು, ಬೀಜಕ್ಕೆ ಬರಿಯ ಮರಳು ತಾಗಬೇಕು. ಎರಡೂ ಸಿಗುವುದಿಲ್ಲ. ಬೆಂಕಿ ಬಂದು ಹೋದ ಮುಂದಿನ ವಸಂತದಲ್ಲಿ ಕಪ್ಪು ನೆಲದಲ್ಲಿ ಮೊದಲು ಕಾಣುವ ಹಸಿರುಗಳಲ್ಲಿ ಇದೂ ಒಂದು. ಬೇರು ಕೆಳಗೆ ತಣ್ಣಗೆ ಕೂತಿರುತ್ತದಲ್ಲ.

1990ರ ದಶಕದಿಂದ ಅಲ್ಲಿ ಲೆಕ್ಕ ಹಾಕಿ ಬೆಂಕಿ ಹಾಕುತ್ತಾರೆ. ಗಾಳಿ ಯಾವ ಕಡೆ, ತೇವ ಎಷ್ಟು ಎಲ್ಲ ನೋಡಿ. ಊರಿನ ನಡುವೆ ಇರುವ ಕಾಡು ಅದು. ಹೆದ್ದಾರಿ ಸೀಳಿಕೊಂಡು ಹೋಗಿದೆ, ಪಕ್ಕದಲ್ಲಿ ದೊಡ್ಡ ಮಾಲ್ ಇದೆ. ಉಳಿದಿರುವುದು ಸುಮಾರು 3,000 ಎಕರೆ ಚಿಲ್ಲರೆ. ಸಂಡಿಗೆ ಬಗ್ಗೆ ಮಾತ್ರ ನನಗೂ ಬೇಜಾರಿದೆ.

ಆಲ್ಬನಿ_ಅಕ್ಕಿರೊಟ್ಟಿ
ಅಷ್ಟು ವಿವರವಾಗಿ ಹೇಳಿದ ಮೇಲೆ ಏನೂ ಅನ್ನಲಾರೆ ತಮ್ಮ. ಮುಂದಿನ ಸಲ ಸುಡುವ ಮುಂಚೆ ಒಂದು ಫೋನ್ ಮಾಡಿದರೆ ಸಂಡಿಗೆ ಒಳಗೆ ತೆಗೆದಿಡುತ್ತೇನೆ.

ಕೊಳ್ಳೇಗಾಲ_ಕೆಂಚ
ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನೇ ಹೇಳುತ್ತಾ ಬಂದಿದ್ದಾರೆ. 'ತರಗು ಬೆಂಕಿ' ಅಂತಾರೆ. ಬೇಸಿಗೆಯ ಶುರುವಿನಲ್ಲಿ ನೆಲದ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು, ಮರಕ್ಕೆ ಏರುವಷ್ಟು ದೊಡ್ಡದಲ್ಲ. ಅಭಯಾರಣ್ಯ ಆದ ಮೇಲೆ ಅದನ್ನು ನಿಲ್ಲಿಸಿದರು. ಲಂಟಾನ ಕಾಡು ತುಂಬಿತು, ನೆಲ್ಲಿ ಮರಕ್ಕೆ ಬಂದಳಿಕೆ ಜಾಸ್ತಿ ಆಯಿತು ಅನ್ನುವುದು ಅವರ ಮಾತು. ಅಮೆರಿಕದವರು ಮಾಡಿದರೆ ವಿಜ್ಞಾನ, ನಮ್ಮವರು ಮಾಡಿದರೆ ಕೇಸು.

ಶೋಲಾ_ಶಾಂತಿ
ಕೆಂಚಣ್ಣ, ಒಪ್ಪಿದೆ. ಆದರೆ ಓದಿದವರು ಎಲ್ಲ ಕಾಡಿಗೂ ಬೆಂಕಿ ಒಳ್ಳೆಯದು ಅಂದುಕೊಳ್ಳಬಾರದು. ನಮ್ಮ ಪಶ್ಚಿಮ ಘಟ್ಟದ ಶೋಲಾಕ್ಕೋ ನಿತ್ಯಹರಿದ್ವರ್ಣ ಕಾಡಿಗೋ ಬೆಂಕಿ ಬಿದ್ದರೆ ಮುಗಿಯಿತು. ಅಲ್ಲಿಯ ಮರಕ್ಕೆ ಪಿಚ್ ಪೈನ್ ತರ ದಪ್ಪ ತೊಗಟೆ ಇಲ್ಲ. ಒಣ ಎಲೆ ಉದುರುವ ಕಾಡಿನ ಮಾತು ಬೇರೆ, ಅದರ ಮಾತು ಬೇರೆ.

ಕೊಳ್ಳೇಗಾಲ_ಕೆಂಚ
ನಾನು ಎಲ್ಲ ಕಾಡಿಗೂ ಅಂದೆನಾ ತಾಯಿ? ಸೋಲಿಗರೂ ಅನ್ನುವುದಿಲ್ಲ. ಯಾವಾಗ, ಎಲ್ಲಿ, ಎಷ್ಟು ಅಂತ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರು ಬೀಡಿ ಎಸೆದು ಸುಡುವುದು ಬೇರೆ.

ಆಲ್ಬನಿ_ಅಕ್ಕಿರೊಟ್ಟಿ
ಮತ್ತೆ ಬೀಡಿ!

ಮಂಡ್ಯ_ಮೂಲ
ಇದು ಅವರೆ, ಹುರುಳಿ ಜಾತಿಯದ್ದೇ ಅಲ್ವಾ? ಕಾಯಿ ಬಿಟ್ಟ ಮೇಲೆ ಸಾರು ಮಾಡಬಹುದಾ? ಫೋಟೋ ನೋಡಿದರೆ ಸೊಗಡವರೆ ನೆನಪಾಗಿ ಬಾಯಲ್ಲಿ ನೀರು.

ಬೇರುಬಿಳಲು
ಬೇಡವೇ ಬೇಡ. ಬೇಳೆ ಕುಟುಂಬವೇ, ಆದರೆ ಇದರ ಬೀಜದಲ್ಲಿ ಕಹಿ ವಿಷ ಇದೆ. ಇಟಲಿಯವರು ತಿನ್ನುವ ಲೂಪಿನಿ ಕಾಳು ಬೇರೆ ಜಾತಿ. ಅದನ್ನೂ ಬೇಯಿಸಿ, ದಿನಗಟ್ಟಲೆ ನೀರು ಬದಲಿಸಿ ಬದಲಿಸಿ ಕಹಿ ತೆಗೆದ ಮೇಲೆಯೇ ತಿನ್ನುತ್ತಾರೆ.

ಡಯಾಬಿಟಿಸ್_ದೊರೆ
ಲೂಪಿನ್ ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ. ಪಿಷ್ಟ ಕಡಿಮೆ ಅಂತ ನಾನು ರೊಟ್ಟಿ ಮಾಡಿದೆ. ಹೆಂಡತಿ ಒಂದು ತುಂಡು ತಿಂದು 'ಇದಕ್ಕಿಂತ ಸಕ್ಕರೆ ಕಾಯಿಲೆಯೇ ವಾಸಿ' ಅಂದಳು.

ನರ್ಸ್_ನಳಿನಿ
ಕಡಲೆಕಾಯಿ ಅಲರ್ಜಿ ಇದ್ದವರು ಲೂಪಿನ್ ಹಿಟ್ಟು ಮುಟ್ಟುವ ಮುಂಚೆ ಡಾಕ್ಟರನ್ನು ಕೇಳಿ. ಕೆಲವರಿಗೆ ಅದಕ್ಕೂ ಆಗಿಬರುವುದಿಲ್ಲ. ತಮಾಷೆ ಅಲ್ಲ.

ಪದಗಳ_ಪಂಜು
ಲೂಪಿನ್ ಅಂದರೆ ಲ್ಯಾಟಿನ್‌ನಲ್ಲಿ ತೋಳಕ್ಕೆ ಸಂಬಂಧಿಸಿದ್ದು. ಇದು ಬೆಳೆಯುವ ಕಡೆ ನೆಲ ಬರಡು. ಹಾಗಾಗಿ ನೆಲದ ಸಾರವನ್ನೆಲ್ಲ ತೋಳದ ಹಾಗೆ ಇದೇ ತಿಂದಿದೆ ಅಂತ ಹಿಂದಿನವರು ಅಂದುಕೊಂಡರಂತೆ. ಅಸಲಿಗೆ ಉಲ್ಟಾ. ನಮ್ಮ ಸೆಣಬು, ಅಲಸಂದೆ, ಗೊಬ್ಬರದ ಗಿಡದ ಹಾಗೆ ಇದರ ಬೇರಿನಲ್ಲೂ ಗಂಟು ಇರುತ್ತದೆ. ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡುತ್ತದೆ. ಪಾಪ, ಕೊಡುವವನಿಗೇ ಕಳ್ಳ ಅಂತ ಹೆಸರು.

ಗಾಳಿಮರ_ಹೊನ್ನಾವರ
ಇದರಲ್ಲೇ ಇನ್ನೊಂದು ಇದೆ ಪಂಜು ಸರ್. ಅದೇ ಕಾಡಿನಲ್ಲಿ ಬ್ಲ್ಯಾಕ್ ಲೋಕಸ್ಟ್ ಅಂತ ಮರ ನುಗ್ಗಿದೆ. ಅದೂ ಬೇಳೆ ಕುಟುಂಬದ್ದೇ, ಅದೂ ನೆಲಕ್ಕೆ ಸಾರ ಕೊಡುತ್ತದೆ. ಸಾರ ಜಾಸ್ತಿ ಆದ ಕೂಡಲೇ ಬೇರೆ ಕಳೆ ಎಲ್ಲ ಬಂದು ಕೂರುತ್ತವೆ. ಬೇರಿನಿಂದಲೇ ಮರಿ ಏಳುತ್ತದೆ, ಕಡಿದಷ್ಟೂ ಜಾಸ್ತಿ. ಬಡ ನೆಲವನ್ನು ಬಡದಾಗಿಯೇ ಇಡಲು ಅಲ್ಲಿ ದುಡ್ಡು ಖರ್ಚು ಮಾಡುತ್ತಾರೆ ಅಂದರೆ ನಮ್ಮಪ್ಪ ನಂಬಲೇ ಇಲ್ಲ.

ಗಿಲ್ಡರ್‌ಲ್ಯಾಂಡ್_ಗೌರಿ
ಮಾತು ಎಲ್ಲೆಲ್ಲೋ ಹೋಯಿತು, ಆದರೆ ಓದಲು ಚೆನ್ನಾಗಿದೆ 😄 ಈಗ ಬೆಳೆಸುವುದು ಹೇಗೆ ಹೇಳಿ. ನಮ್ಮ ಹಿತ್ತಲೂ ಮರಳೇ. ಹುಲ್ಲು ಸಹ ಸರಿಯಾಗಿ ಬರುವುದಿಲ್ಲ.

ಟ್ರಾಯ್_ತುಳಸಿ
ಗೌರಿ, ನನ್ನ ಕಥೆ ಕೇಳಿ, ಅದರ ಉಲ್ಟಾ ಮಾಡಿದರೆ ಸಾಕು.

ನಾಲ್ಕು ವರ್ಷದ ಹಿಂದೆ ಸ್ಥಳೀಯ ಗಿಡ ಮಾರುವ ನರ್ಸರಿಯಿಂದ ಅಸಲಿ ಬೀಜ ತಂದು ಬಿತ್ತಿದೆ. ಎರಡನೇ ವಸಂತಕ್ಕೆ ಹನ್ನೊಂದು ಗಿಡ. ಬೆಳಿಗ್ಗೆ ಎದ್ದು ನೋಡಿದರೆ ಪ್ರತಿ ಎಲೆಯ ನಡುವೆ ಒಂದೊಂದು ಹನಿ ಇಬ್ಬನಿ, ಕೆಸುವಿನೆಲೆ ಮೇಲೆ ನೀರು ನಿಂತ ಹಾಗೆ ಗುಂಡಗೆ. ಬೆರಳಿನಿಂದ ತಟ್ಟಿದರೆ ಉರುಳಿ ಬೀಳುತ್ತಿತ್ತು. ನನಗೆ ಅದೇ ಒಂದು ಹುಚ್ಚಾಯಿತು.

ಆಗ ಊರಿನಿಂದ ಅತ್ತೆ ಬಂದರು, ಆರು ತಿಂಗಳಿಗೆ. ಚಿನ್ನದಂಥ ಮನುಷ್ಯರು. ಆದರೆ ಗಿಡ ಸಣ್ಣಗಿದ್ದರೆ ಅವರಿಗೆ ಸಂಕಟ. 'ಪಾಪ, ಮರಳಲ್ಲಿ ಹಾಕಿದ್ದೀಯ, ಹೊಟ್ಟೆಗೇ ಇಲ್ಲ ಇದಕ್ಕೆ' ಅಂತ ನಾನು ಆಫೀಸಿಗೆ ಹೋದ ಮೇಲೆ ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು, ಮಜ್ಜಿಗೆ ಪಾತ್ರೆ ತೊಳೆದ ನೀರು, ಎರಡು ಹೊತ್ತು. ಒಂದು ಚೀಲ ಹಸುವಿನ ಗೊಬ್ಬರವನ್ನೂ ತರಿಸಿದ್ದರು. ಮೂರು ವಾರದಲ್ಲಿ ಎಲೆ ಹಳದಿ. ಬುಡ ಮುಟ್ಟಿ ನೋಡಿದರೆ ಮೆತ್ತಗೆ. ಹನ್ನೊಂದೂ ಹೋಯಿತು. ಅತ್ತೆ ಇವತ್ತಿಗೂ ಹೇಳುವುದು 'ಇನ್ನೂ ಸ್ವಲ್ಪ ಗೊಬ್ಬರ ಬೇಕಿತ್ತು' ಅಂತ.

ಪುಟ್ಟೀರಮ್ಮನ_ಮೊಮ್ಮಗ
ಪ್ರೀತಿಯಿಂದಲೇ ಕೊಂದುಬಿಟ್ಟರಲ್ಲಪ್ಪ 😭

ಮಂಡ್ಯ_ಮೂಲ
ಅತ್ತೆ ಪರ ನಾನು. ಗೊಬ್ಬರ ಬೇಡದ ಗಿಡ ಗಿಡವೇ ಅಲ್ಲ.

ಬೇರುಬಿಳಲು
ತುಳಸಿ ಅವರ ಅನುಭವಕ್ಕೆ ನನ್ನದು ಸ್ವಲ್ಪ ಸೇರಿಸುತ್ತೇನೆ. ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ಹಾಗೇ ಹಾಕಿದರೆ ವರ್ಷಗಟ್ಟಲೆ ನೆಲದಲ್ಲಿ ಮಲಗಿರುತ್ತದೆ. ಎರಡು ಮರಳು ಕಾಗದದ ನಡುವೆ ಹಾಕಿ ಮೆಲ್ಲಗೆ ಉಜ್ಜಿ, ಹೊಳಪು ಹೋಗುವಷ್ಟು ಸಾಕು. ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದೇ ಇದ್ದದ್ದನ್ನು ಮತ್ತೆ ಉಜ್ಜಿ. ಉಜ್ಜುವ ತಾಪತ್ರಯ ಬೇಡ ಅಂದರೆ ಚಳಿಗೆ ಮುಂಚೆ ಚೆಲ್ಲಿಬಿಡಿ, ಹಿಮ ತನ್ನ ಕೆಲಸ ಮಾಡುತ್ತದೆ. ದಿನವಿಡೀ ಬಿಸಿಲು ಬೀಳುವ ಜಾಗ ಆರಿಸಿ. ಮೊದಲ ವರ್ಷ ಎಲೆ ಮಾತ್ರ. ಹೂವಿಗೆ ಎರಡನೇ ವರ್ಷವೋ ಮೂರನೇ ವರ್ಷವೋ.

ಲೂಪಿನ್‌ಗೇ ಅಂತ ಬೇರುಗಂಟಿನ ಬ್ಯಾಕ್ಟೀರಿಯಾ ಪುಡಿ ಸಿಗುತ್ತದೆ. ನೆನೆದ ಬೀಜಕ್ಕೆ ಸವರಿ. ಸೋಯಾದ್ದು, ಬಟಾಣಿಯದ್ದು ತಂದರೆ ಪ್ರಯೋಜನ ಇಲ್ಲ.

ಕಾಂಕರ್ಡ್_ಕನ್ನಡಿಗ
ಮೇಲೆ ನೀವು ಕಿತ್ತು ನೆಟ್ಟರೆ ಸಾಯುತ್ತದೆ ಅಂದಿರಿ. ಇಲ್ಲಿ ಶಾಲೆಯ ಮಕ್ಕಳು ತರಗತಿಯಲ್ಲೇ ಲೂಪಿನ್ ಸಸಿ ಬೆಳೆಸಿ ಕಾಂಕರ್ಡ್‌ನ ಪೈನ್ ಬ್ಯಾರೆನ್ಸ್ ಅನ್ನುವ ಮರಳು ಕಾಡಿಗೆ ಹೋಗಿ ನೆಡುತ್ತಾರೆ. ನನ್ನ ಮಗಳೂ ನೆಟ್ಟಿದ್ದಾಳೆ. ಅವು ಬದುಕುತ್ತವಲ್ಲ?

ಬೇರುಬಿಳಲು
ಒಳ್ಳೆಯ ತಿದ್ದುಪಡಿ. ನಾನು ಹೇಳಿದ್ದು ಬಲಿತ ಗಿಡದ ಮಾತು. ಎಳೆಯ ಸಸಿಯನ್ನು ಉದ್ದನೆಯ ಕುಂಡದಿಂದ ಬೇರು ಅಲುಗದ ಹಾಗೆ ಇಳಿಸಿದರೆ ನಡೆಯುತ್ತದೆ.

ಕ್ರೈಸ್ಟ್‌ಚರ್ಚ್_ಚನ್ನಿ
ನ್ಯೂಜಿಲೆಂಡ್‌ನಿಂದ ನಮಸ್ಕಾರ. ನೀವು ಕಿತ್ತು ಹಾಕಿ ಎನ್ನುತ್ತಿರುವ ಹೂವನ್ನೇ ನೋಡಲು ಇಲ್ಲಿಗೆ ವಿಮಾನ ಹತ್ತಿ ಬರುತ್ತಾರೆ! ಟೆಕಪೊ ಸರೋವರದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳದ ಕನ್ನಡಿಗ ಇಲ್ಲ. ಇಂಗ್ಲೆಂಡಿನಲ್ಲಿ ಜಾರ್ಜ್ ರಸೆಲ್ ಎಂಬ ತೋಟಗಾರ ವರ್ಷಗಟ್ಟಲೆ ಕೂತು ಈ ಬಣ್ಣಗಳನ್ನು ಮಾಡಿದ್ದು. 1937ರಲ್ಲಿ ಪ್ರದರ್ಶನಕ್ಕೆ ಇಟ್ಟ. ಅಮೆರಿಕದ ಹೂ ಇಂಗ್ಲೆಂಡಿಗೆ ಹೋಗಿ, ಬಣ್ಣ ಬಳಿದುಕೊಂಡು ಲೋಕ ಸುತ್ತಿತು. ಇಲ್ಲಿ ನದಿಪಾತ್ರದ ಜಲ್ಲಿಯಲ್ಲಿ ತುಂಬಿಕೊಂಡು, ಅಲ್ಲಿ ಮೊಟ್ಟೆ ಇಡುವ ಹಕ್ಕಿಗಳಿಗೆ ಜಾಗವೇ ಇಲ್ಲ. ಫೋಟೋದಲ್ಲಿ ಸ್ವರ್ಗ, ಹಕ್ಕಿಗೆ ನರಕ.

ಗಿಲ್ಡರ್‌ಲ್ಯಾಂಡ್_ಗೌರಿ
ಅಯ್ಯೋ, ನಮ್ಮ ತಂಗಿಯ ಪ್ರೊಫೈಲ್ ಫೋಟೋ ಅದೇ.

ಇನ್ನೊಂದು ಅನುಮಾನ. ನಾನು ಅಸಲಿ ಬೆಳೆಸಿದರೆ ಆ ನೀಲಿ ಚಿಟ್ಟೆ ನಮ್ಮ ಮನೆಗೆ ಬರುತ್ತದಾ?

ಗಾಳಿಮರ_ಹೊನ್ನಾವರ
ಕಷ್ಟ ಅಕ್ಕ. ಅದು ದೂರ ಹಾರುವ ಚಿಟ್ಟೆ ಅಲ್ಲ. ಹುಟ್ಟಿದ ಜಾಗದ ಸುತ್ತ ಕೆಲವು ನೂರು ಮೀಟರ್, ಅದೇ ಅದರ ಪ್ರಪಂಚ. ನಡುವೆ ಹೆದ್ದಾರಿಯೋ ದಟ್ಟ ಮರವೋ ಬಂದರೆ ವಾಪಸ್. ಅದಕ್ಕೇ ಲೂಪಿನ್ ಮಡಿಗಳನ್ನು ಒಂದರ ಹತ್ತಿರ ಒಂದು ಮಾಡುತ್ತಾ ಹೋಗುತ್ತಾರೆ. ಆಲ್ಬನಿಯಲ್ಲಿ ಒಂದು ಕಾಲಕ್ಕೆ ಕೆಲವೇ ನೂರಕ್ಕೆ ಇಳಿದಿದ್ದವು, ಈಗ ಸಾವಿರಗಟ್ಟಲೆ ಆಗಿವೆ.

ಕಾಡಿಗೆ ಹೋದಾಗ ಹೂ ಬಿಟ್ಟು ಎಲೆ ನೋಡಿ. ಮರಿಹುಳು ಎಲೆಯನ್ನು ಪೂರ್ತಿ ತಿನ್ನುವುದಿಲ್ಲ. ಒಂದು ಕಡೆಯ ಹಸಿರನ್ನು ಕೆರೆದು ತೆಳು ಪೊರೆ ಬಿಡುತ್ತದೆ. ಬಿಸಿಲಿಗೆ ಹಿಡಿದರೆ ಸಣ್ಣ ಸಣ್ಣ ಕಿಟಕಿ ಇಟ್ಟ ಹಾಗೆ ಕಾಣುತ್ತದೆ. ಹುಳ ಹಸಿರು, ಎಲೆಯೂ ಹಸಿರು, ಹುಳ ಕಾಣುವುದಿಲ್ಲ. ನಾನು ಇರುವೆ ಹುಡುಕುತ್ತಿದ್ದೆ. ಇರುವೆಗಳು ಹುಳದ ಬೆನ್ನೇರಿ ಸಿಹಿರಸ ಕುಡಿಯುತ್ತವೆ, ಬದಲಿಗೆ ಜೇಡ, ಕಣಜ ಬರದಂತೆ ಕಾಯುತ್ತವೆ. ಇರುವೆ ಗುಂಪು ಒಂದೇ ಕಡೆ ಸುತ್ತುತ್ತಿದ್ದರೆ ಅಲ್ಲಿ ಹುಳ ಇದೆ ಅಂತ ಅರ್ಥ. ಚಿಟ್ಟೆ ವರ್ಷಕ್ಕೆ ಎರಡು ಸಲ, ಮೇ ಕೊನೆಯಿಂದ ಜೂನ್, ಆಮೇಲೆ ಜುಲೈ-ಆಗಸ್ಟ್. ಎರಡನೇ ಸಲದ ಮೊಟ್ಟೆ ಹಿಮದ ಕೆಳಗೆ ಚಳಿಗಾಲ ಕಳೆಯುತ್ತದೆ.

ಪದಗಳ_ಪಂಜು
ಈ ಚಿಟ್ಟೆಗೆ ವೈಜ್ಞಾನಿಕ ಹೆಸರು ಇಟ್ಟವರು ವ್ಲಾದಿಮಿರ್ ನಬೊಕೊವ್, ಕಾದಂಬರಿಕಾರ! 1940ರ ದಶಕದಲ್ಲಿ ಹಾರ್ವರ್ಡ್ ಮ್ಯೂಸಿಯಂನಲ್ಲಿ ಚಿಟ್ಟೆಗಳ ಕೆಲಸ ಮಾಡುತ್ತಿದ್ದರು. ಕಾರ್ನರ್ ಅನ್ನುವುದು ಆಲ್ಬನಿ ಪಕ್ಕದ ಒಂದು ಹಳೆಯ ರೈಲ್ವೆ ನಿಲ್ದಾಣದ ಊರು.

ನರ್ಸ್_ನಳಿನಿ
ಎಲೆ ನೋಡಲು ಬಗ್ಗುವವರು ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಕೊಳ್ಳಿ. ಉಣ್ಣಿ ವಿಪರೀತ. ಮನೆಗೆ ಬಂದು ಮೊಣಕಾಲ ಹಿಂದೆ, ಕಂಕುಳು, ಕಿವಿ ಹಿಂದೆ ನೋಡಿಕೊಳ್ಳಿ. ಲೈಮ್ ಕಾಯಿಲೆ ತಮಾಷೆ ಅಲ್ಲ.

ಎಡಿಸನ್_ಎಳನೀರು
ನಳಿನಿ ಮೇಡಂಗೆ ಯಾವುದೂ ತಮಾಷೆ ಅಲ್ಲ.

ನರ್ಸ್_ನಳಿನಿ
ನಿಮ್ಮನ್ನು ಬಿಟ್ಟು.

ಗಿಲ್ಡರ್‌ಲ್ಯಾಂಡ್_ಗೌರಿ
ಎಲ್ಲರಿಗೂ ಥ್ಯಾಂಕ್ಸ್. ಬಣ್ಣದ ಲೂಪಿನ್ ತೆನೆಗಳನ್ನೆಲ್ಲ ಇವತ್ತು ಕೊಯ್ದು ಹೂದಾನಿಗೆ ಹಾಕಿದೆ. ಕಾಯಿ ಕಟ್ಟಬಾರದಲ್ಲ. ಗಿಡ ಕೀಳುವುದು ಬರುವ ವಾರ. ಒಂದು ತೆನೆ ಪಕ್ಕದ ಅಜ್ಜಿಗೂ ಕೊಟ್ಟೆ. ಬೈದವರೇ ಮುಸಿಮುಸಿ ನಗುತ್ತಾ ಮೂಸಿ ನೋಡಿದರು.

ಗಿಲ್ಡರ್‌ಲ್ಯಾಂಡ್_ಗೌರಿ (ಮುಂದಿನ ವರ್ಷ, ಮೇ)
ಈ ಚರ್ಚೆ ಯಾರಿಗಾದರೂ ನೆನಪಿದೆಯಾ? ಅಕ್ಟೋಬರ್‌ನಲ್ಲಿ ಮೂವತ್ತು ಬೀಜ ಹಾಕಿದ್ದೆ. ಒಂಬತ್ತು ಮೊಳಕೆ ಬಂದಿವೆ. ಎಲೆ ಎಣಿಸಿಲ್ಲ, ನಾಣ್ಯದಷ್ಟೂ ದೊಡ್ಡದಾಗಿಲ್ಲ. ನಿನ್ನೆ ಬೆಳಿಗ್ಗೆ ಒಂದರಲ್ಲಿ ಇಬ್ಬನಿ ಹನಿ ನಿಂತಿತ್ತು, ತುಳಸಿ ಅವರನ್ನು ನೆನೆಸಿಕೊಂಡೆ. ಇವತ್ತು ನೋಡಿದರೆ ಆರೇ ಇವೆ, ಮೂರು ಬುಡದವರೆಗೆ ಕತ್ತರಿಸಿದ ಹಾಗಿದೆ.

ಬೇರುಬಿಳಲು
ಮೊಲ. ಇವತ್ತೇ ಜಾಲರಿ ಹಾಕಿ, ಕೆಳಗೆ ನಾಲ್ಕು ಇಂಚು ಹೂಳಿ.

ಟ್ರಾಯ್_ತುಳಸಿ
ಜಾಲರಿಗೆ ಬೀಗವನ್ನೂ ಹಾಕಿ. ನಮ್ಮ ಅತ್ತೆ ಜೂನ್‌ನಲ್ಲಿ ಬರುತ್ತಿದ್ದಾರೆ, ನಿಮ್ಮ ಮನೆಗೂ ಕರೆದುಕೊಂಡು ಬರುತ್ತೇನೆ.